ಕೈ ತೊಳೆಯುವುದರ ಬಗ್ಗೆ ಹದಿನೈದು ನಿಮಿಷ: ಒಂದು ಭಾಷಣಕ್ಕೆ ಪುರಾವೆ ಹೊಂದಿಸಿದ ಬಗೆ

ಭಾಷಣ ಮುಗಿದಿದೆ. ವಿಷಯ, ಕೈ ತೊಳೆಯುವುದರಿಂದ ಕಾಯಿಲೆ ಎಷ್ಟರ ಮಟ್ಟಿಗೆ ತಪ್ಪುತ್ತದೆ ಎನ್ನುವುದು. ಮಾತಿಗೆ 15 ನಿಮಿಷ, ಆಮೇಲೆ ಪ್ರಶ್ನೋತ್ತರ. ಆಯೋಜಕರದ್ದು ಒಂದೇ ಷರತ್ತು: ವೇದಿಕೆಯ ಮೇಲೆ ಆಡಿದ ಯಾವ ಹೇಳಿಕೆಗೆ ಆಧಾರ ಕೇಳಿದರೂ ಅಲ್ಲೇ ತೋರಿಸಬೇಕು. ಕೇಳುವಾಗ ಇದು ಸಣ್ಣ ಷರತ್ತು. ತಯಾರಿಗೆ ಕೂತಾಗ ಮಾತ್ರ ಮಾತು ಬರೆಯುವುದಕ್ಕಿಂತ ಆಧಾರ ಹುಡುಕುವುದಕ್ಕೇ ಹೆಚ್ಚು ಹೊತ್ತು ಹೋಗುತ್ತದೆ. ಇಂಥ ತಯಾರಿಗೆ ಇಳಿಯುವವರಿಗೆ ಅನುಕೂಲವಾಗಲೆಂದು ಎಲ್ಲಿ ಕಾಯಬೇಕು, ಏನನ್ನು ಬರೆದಿಟ್ಟುಕೊಳ್ಳಬೇಕು, ಯಾವ ಪುರಾವೆ ಕೈಕೊಡುತ್ತದೆ ಎನ್ನುವುದನ್ನು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಹೇಳಿಕೆ ಮೊದಲು, ಹುಡುಕಾಟ ಆಮೇಲೆ

ಗೂಗಲ್ ತೆರೆದು ಅಂಕಿಅಂಶ ಗುಡ್ಡೆ ಹಾಕುವುದರಿಂದ ಶುರು ಮಾಡಬೇಡಿ. ಹಾಗೆ ಮಾಡಿದರೆ ಸಿಕ್ಕ ಅಂಕಿಗೆ ತಕ್ಕಂತೆ ಭಾಷಣ ಬಾಗುತ್ತದೆ. ಹೇಳಬೇಕಾದ್ದನ್ನು ಮೊದಲು ಒಂದೊಂದೇ ವಾಕ್ಯದಲ್ಲಿ ಬರೆಯಬೇಕು. ಈ ಭಾಷಣದಲ್ಲಿ ಅಂಥವು ಮೂರು. ಆಸ್ಪತ್ರೆಯಲ್ಲಿ ಕೈ ಶುಚಿಯಿಂದ ಸಾವು ತಪ್ಪಿದ ದಾಖಲೆ ಇದೆ. ಮನೆ, ಶಾಲೆಗಳಲ್ಲಿ ಕೈ ತೊಳೆಯುವ ಅಭ್ಯಾಸ ಬೆಳೆಸಿದರೆ ಭೇದಿ ಕಡಿಮೆಯಾಗುತ್ತದೆ. ನಾವು ತೊಳೆಯುವ ರೀತಿಯಲ್ಲಿ ಕೈಯ ಕೆಲವು ಜಾಗ ತಪ್ಪಿಹೋಗುತ್ತದೆ. ಮೊದಲನೆಯದಕ್ಕೆ ಚರಿತ್ರೆಯ ದಾಖಲೆ ಬೇಕು, ಎರಡನೆಯದಕ್ಕೆ ಅನೇಕ ಅಧ್ಯಯನಗಳನ್ನು ಒಟ್ಟಿಗೆ ತೂಗಿದ ಸಮೀಕ್ಷೆ ಬೇಕು, ಮೂರನೆಯದಕ್ಕೆ ಕಣ್ಣಾರೆ ತೋರಿಸುವ ಪ್ರಾತ್ಯಕ್ಷಿಕೆಯೇ ಸಾಕು. ಒಂದರ ಪುರಾವೆ ಇನ್ನೊಂದಕ್ಕೆ ಒದಗುವುದಿಲ್ಲ.

ಭಾಷಣಗಳಲ್ಲಿ ಹೆಚ್ಚು ಎಡವುವುದು ಇಲ್ಲೇ. ಭಾರತೀಯ ತರ್ಕಶಾಸ್ತ್ರವಾದ ನ್ಯಾಯದರ್ಶನದಲ್ಲಿ ವಾದಕ್ಕೆ ಹೇಳುವ ಐದು ಅವಯವಗಳನ್ನು, ಅಂದರೆ ಹಂತಗಳನ್ನು, ನೆನಪಿಸಿಕೊಳ್ಳಿ: ಬೆಟ್ಟದಲ್ಲಿ ಬೆಂಕಿಯಿದೆ ಎನ್ನುವುದು ಪ್ರತಿಜ್ಞೆ, ಹೊಗೆ ಕಾಣುವುದರಿಂದ ಎನ್ನುವುದು ಹೇತು, ಹೊಗೆಯಿದ್ದಲ್ಲಿ ಬೆಂಕಿಯಿರುತ್ತದೆ, ಅಡುಗೆಮನೆಯಲ್ಲಿರುವಂತೆ ಎನ್ನುವುದು ಉದಾಹರಣೆ, ಈ ಬೆಟ್ಟದಲ್ಲೂ ಅಂಥದೇ ಹೊಗೆ ಇದೆ ಎನ್ನುವುದು ಉಪನಯ, ಆದ್ದರಿಂದ ಬೆಂಕಿಯಿದೆ ಎನ್ನುವುದು ನಿಗಮನ. ಎಷ್ಟೋ ಭಾಷಣಕಾರರು ಉದಾಹರಣೆಯಿಂದ ನೇರವಾಗಿ ನಿಗಮನಕ್ಕೆ ಹಾರುತ್ತಾರೆ. ಅಲ್ಲಿ ನಡೆದದ್ದು ಇಲ್ಲಿಗೆ ಹೇಗೆ ಹೊಂದುತ್ತದೆ ಎಂದು ಹೇಳುವ ಉಪನಯವೇ ಇರುವುದಿಲ್ಲ. ಪ್ರತಿ ಪುರಾವೆಯ ಕೆಳಗೆ ‘ಇದು ನನ್ನ ಹೇಳಿಕೆಗೆ ಹೊಂದುವುದು ಏಕೆ’ ಎಂದು ಒಂದು ಸಾಲು ಬರೆಯಿರಿ. ಆ ಸಾಲು ಬರೆಯಲಾಗದಿದ್ದರೆ ಪುರಾವೆ ಎಷ್ಟೇ ಚೆಂದವಿದ್ದರೂ ಈ ಭಾಷಣದ್ದಲ್ಲ.

ಮೂಲದವರೆಗೆ ನಡೆಯುವುದು

‘ಸೋಂಕು ರೋಗಗಳಲ್ಲಿ ಶೇ. 80ರಷ್ಟು ಕೈಗಳ ಮೂಲಕ ಹರಡುತ್ತವೆ’ ಎಂಬ ಮಾತು ಹಲವು ಕಡೆ ಕಾಣುತ್ತದೆ. ಭಾಷಣದ ಮೊದಲ ವಾಕ್ಯಕ್ಕೆ ಹೇಳಿ ಮಾಡಿಸಿದಂತಿದೆ. ಹಿಂಬಾಲಿಸಿ ಹೋದರೆ ಒಂದು ಪುಟ ಇನ್ನೊಂದು ಪುಟವನ್ನು ತೋರಿಸುತ್ತದೆ, ಅದು ಮತ್ತೊಂದನ್ನು. ಯಾವ ರೋಗಗಳನ್ನು, ಎಲ್ಲಿ, ಹೇಗೆ ಎಣಿಸಿ ಈ ಲೆಕ್ಕಕ್ಕೆ ಬಂದರೆಂದು ಹೇಳುವ ಅಧ್ಯಯನ ಕೈಗೆ ಸಿಗಲಿಲ್ಲ. ಮನಸ್ಸಿಗೆ ಹಿಡಿಸಿದ ಅಂಕಿಯನ್ನು ಬಿಡುವುದು ನಿಜಕ್ಕೂ ಬೇಸರದ ಕೆಲಸ. ಆದರೂ ಬಿಟ್ಟೆ. ಅಂಕಿ ತಪ್ಪೆಂದು ಸಾಬೀತಾಗಬೇಕಿಲ್ಲ. ಎಲ್ಲಿಂದ ಬಂತೆಂದು ತೋರಿಸಲು ಆಗದಿದ್ದರೆ ಅಷ್ಟೇ ಕಾರಣ ಸಾಕು.

ಭಾಷಣ ಕಲೆಯ ತರಬೇತಿಗಳಲ್ಲೇ ಇಂಥದ್ದೊಂದು ಬೀಡುಬಿಟ್ಟಿದೆ. ಸಂವಹನದಲ್ಲಿ ಪದಗಳ ಪಾಲು ಶೇ. 7, ದನಿಯದು 38, ಮುಖಭಾವದ್ದು 55 ಎಂದು ಸ್ಲೈಡ್ ಹಾಕುತ್ತಾರೆ. ಮೂಲ ಇರುವುದು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರೇಬಿಯನ್ ಮತ್ತು ಸಹೋದ್ಯೋಗಿಗಳು 1967ರಲ್ಲಿ ಪ್ರಕಟಿಸಿದ ಎರಡು ಅಧ್ಯಯನಗಳಲ್ಲಿ. ಅಲ್ಲಿ ನೋಡಿದ್ದು ಇಷ್ಟು: ಆಡಿದ ಪದ, ದನಿ, ಮುಖಭಾವ ಒಂದಕ್ಕೊಂದು ಹೊಂದದಿದ್ದಾಗ, ಆಡಿದವರ ಒಲವನ್ನು ಕೇಳುಗರು ಯಾವುದರಿಂದ ಊಹಿಸುತ್ತಾರೆ ಎನ್ನುವುದು. ಭಾವನೆ ಮತ್ತು ಒಲವಿನ ಸಂಗತಿಗಳಾಚೆ ಈ ಸೂತ್ರ ಹೊಂದುವುದಿಲ್ಲವೆಂದು ಮೆಹ್ರೇಬಿಯನ್ ಅವರೇ ಹೇಳಿದ್ದಾರೆ. ಅಂಕಿ ಸುಳ್ಳಲ್ಲ, ಅದನ್ನು ಒಯ್ದು ನಿಲ್ಲಿಸಿದ ಜಾಗ ತಪ್ಪು. ಉದ್ಧರಣೆಗಳ ಕಥೆಯೂ ಹೀಗೇ. ‘ಜಗತ್ತಿನಲ್ಲಿ ನೀವು ಕಾಣಬಯಸುವ ಬದಲಾವಣೆ ನೀವೇ ಆಗಿ’ ಎಂಬುದು ಗಾಂಧೀಜಿಯವರ ಹೆಸರಿನಲ್ಲಿ ಓಡಾಡುತ್ತದೆ, ಆದರೆ ಅವರ ಬರಹಗಳಲ್ಲಿ ಈ ವಾಕ್ಯ ಇಲ್ಲ. ನಾವು ನಮ್ಮನ್ನು ಬದಲಿಸಿಕೊಂಡರೆ ಲೋಕದ ಒಲವುಗಳೂ ಬದಲಾಗುತ್ತವೆ ಎಂಬರ್ಥದ 1913ರ ಮಾತೊಂದಿದೆ. ದೊಡ್ಡವರ ಹೆಸರು ಹೇಳಿದೊಡನೆ ಸಭೆ ಒಪ್ಪಿಬಿಡುತ್ತದೆ, ಹಾಗಾಗಿಯೇ ಆ ಹೆಸರಿನ ಮುಂದೆ ಇಡುವ ವಾಕ್ಯಕ್ಕೆ ಇನ್ನಷ್ಟು ಪರಿಶೀಲನೆ ಬೇಕು.

ಹುಡುಕುವಾಗ ಒಂದು ಅಭ್ಯಾಸ ತುಂಬ ಸಮಯ ಉಳಿಸಿತು. ಗೊತ್ತಿಲ್ಲದ ಜಾಲತಾಣ ಎದುರಾದರೆ ಅದರೊಳಗೇ ಓದುತ್ತ ಕೂರದೆ, ಹೊಸ ಟ್ಯಾಬ್ ತೆರೆದು ಆ ಸಂಸ್ಥೆಯ ಬಗ್ಗೆ ಬೇರೆಯವರು ಏನು ಹೇಳುತ್ತಾರೆಂದು ಮೊದಲು ನೋಡುವುದು. ತಾಣದ ವಿನ್ಯಾಸ, ‘ನಮ್ಮ ಬಗ್ಗೆ’ ಪುಟ, ಉದ್ದದ ಆಕರಪಟ್ಟಿ ಯಾವುದೂ ನಂಬಿಕೆಗೆ ಕಾರಣವಲ್ಲ. ಕೈ ತೊಳೆಯುವಂಥ ವಿಷಯದಲ್ಲಿ ಅಧ್ಯಯನಕ್ಕೆ ಹಣ ಕೊಟ್ಟವರು ಯಾರೆಂದೂ ನೋಡಬೇಕು. ಸೋಪು, ಸ್ಯಾನಿಟೈಸರ್ ಮಾರುವವರ ಹಣ ಇದ್ದ ಮಾತ್ರಕ್ಕೆ ಫಲಿತಾಂಶ ಸುಳ್ಳಾಗುವುದಿಲ್ಲ, ಆದರೆ ಆ ಸಂಗತಿ ಸಭೆಗೆ ಗೊತ್ತಿರಬೇಕು.

ಖರ್ಚಿನ ವಿಷಯ. ಪ್ರಬಂಧ ಓದಲು ಹಣ ಕಟ್ಟಿ ಎಂದು ತೋರಿಸಿದೊಡನೆ ಕಾರ್ಡ್ ತೆಗೆಯಬೇಡಿ. ವೈದ್ಯಕೀಯ ವಿಷಯವಾದರೆ ಪಬ್‌ಮೆಡ್ ಸೆಂಟ್ರಲ್ ಎಂಬ ಜಾಲಭಂಡಾರದಲ್ಲಿ ಅನೇಕ ಪ್ರಬಂಧಗಳು ಪೂರ್ತಿ ಉಚಿತ. ಇಲ್ಲವಾದರೆ ಗ್ರಂಥಾಲಯದ ಮೂಲಕ ಕೇಳಿ, ಅಥವಾ ಲೇಖಕರಿಗೇ ಎರಡು ಸಾಲಿನ ಇಮೇಲ್ ಬರೆಯಿರಿ. ಉತ್ತರ ಯಾವಾಗ ಬರುತ್ತದೆಂದು ಹೇಳಲಾಗದು, ಬಾರದೆಯೂ ಇರಬಹುದು. ಆದ್ದರಿಂದ ಈ ಪತ್ರಗಳು ಎಲ್ಲ ಕೆಲಸಕ್ಕಿಂತ ಮೊದಲೇ ಹೋಗಿರಬೇಕು. ಸಾರಾಂಶ ಮಾತ್ರ ಓದಿ ಉಲ್ಲೇಖಿಸುವುದು ಬೇಡ. ಅಧ್ಯಯನದ ಮಿತಿಗಳನ್ನು ಸಾಮಾನ್ಯವಾಗಿ ಬರೆದಿರುವುದು ಕೊನೆಯ ಪುಟಗಳ ಚರ್ಚೆಯ ಭಾಗದಲ್ಲಿ.

ಪ್ರಬಂಧ ಇನ್ನೂ ಊರ್ಜಿತವಾಗಿದೆಯೇ ಎಂದು ಪ್ರಕಾಶಕರ ತಾಣದಲ್ಲೇ ನೋಡಿ. ಲಸಿಕೆಗೂ ಆಟಿಸಂಗೂ ನಂಟು ಸೂಚಿಸಿ 1998ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂದ, 12 ಮಕ್ಕಳನ್ನಷ್ಟೇ ನೋಡಿದ್ದ ಪ್ರಬಂಧವನ್ನು ಆ ಪತ್ರಿಕೆ 2010ರಲ್ಲಿ ಹಿಂತೆಗೆದುಕೊಂಡಿತು. ಹಳೆಯ ಪಿಡಿಎಫ್ ಇಟ್ಟುಕೊಂಡವರಿಗೆ ಅದು ತಿಳಿಯುವುದೇ ಇಲ್ಲ. ಚಾಟ್‌ಬಾಟ್ ಕೊಟ್ಟ ಆಕರಗಳನ್ನು ಒಂದೊಂದಾಗಿ ತೆರೆದು ನೋಡದೆ ಮುಟ್ಟಬೇಡಿ. 2023ರಲ್ಲಿ ನ್ಯೂಯಾರ್ಕ್‌ನ ಫೆಡರಲ್ ನ್ಯಾಯಾಲಯದಲ್ಲಿ ಚಾಟ್‌ಜಿಪಿಟಿ ಹುಟ್ಟಿಸಿದ, ಎಲ್ಲೂ ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿದ ವಕೀಲರಿಗೆ 5,000 ಡಾಲರ್ ದಂಡ ಬಿತ್ತು.

ಒಂದು ಪುರಾವೆಗೆ ಒಂದು ಹಾಳೆ

ಉಳಿದ ಪುರಾವೆಗೆಲ್ಲ ಒಂದೊಂದು ಹಾಳೆ ಮಾಡಬೇಕು. ಮೇಲ್ಗಡೆ ನನ್ನ ಹೇಳಿಕೆ. ಅದರ ಕೆಳಗೆ ಮೂಲದಲ್ಲಿರುವ ವಾಕ್ಯ, ಅಕ್ಷರ ಬಿಡದೆ, ಪುಟಸಂಖ್ಯೆಯೊಂದಿಗೆ. ಆಮೇಲೆ ಯಾರು ಬರೆದದ್ದು, ಅವರಿಗೆ ಆ ವಿಷಯದಲ್ಲಿ ಏನು ಅರ್ಹತೆ, ಯಾವ ವರ್ಷ, ಯಾರನ್ನು ಎಷ್ಟು ಮಂದಿಯನ್ನು ನೋಡಿದ್ದು, ಹಣ ಯಾರದು, ನಾನು ಓದಿದ ದಿನಾಂಕ. ಕೊನೆಯದೇ ಮುಖ್ಯವಾದ ಕಲಂ: ಈ ಪುರಾವೆ ಏನನ್ನು ಹೇಳುವುದಿಲ್ಲ. ಜಾಲಪುಟವಾದರೆ, ಪುಟಗಳ ಹಳೆಯ ಪ್ರತಿಗಳನ್ನು ಕಾಪಿಡುವ ವೇಬ್ಯಾಕ್ ಮಷೀನ್ ತಾಣದಲ್ಲಿ ಆ ದಿನದ ಪ್ರತಿ ಉಳಿಸಿ ಅದರ ಕೊಂಡಿಯನ್ನೂ ಹಾಳೆಗೆ ಸೇರಿಸಿ. ಪುಟಗಳು ಮಾಯವಾಗುತ್ತವೆ, ಇದ್ದ ಜಾಗದಲ್ಲೇ ಪಠ್ಯ ಬದಲಾಗುವುದೂ ಉಂಟು. ಮೂಲದ ಮಾತನ್ನು ಟಿಪ್ಪಣಿಗೆ ಇಳಿಸುವಾಗಲೇ ಉದ್ಧರಣ ಚಿಹ್ನೆ ಹಾಕಬೇಕು. ಆಮೇಲೆ ಹಾಕೋಣ ಎಂದು ಬಿಟ್ಟ ಟಿಪ್ಪಣಿಯಲ್ಲಿ ಯಾವುದು ಅವರ ವಾಕ್ಯ ಯಾವುದು ನಮ್ಮದು ಎಂದು ಸ್ವಲ್ಪ ದಿನಕ್ಕೇ ಗೊತ್ತಾಗದೆ ಹೋಗುತ್ತದೆ. ಬೇಕೆಂದು ಮಾಡದ ಕೃತಿಚೌರ್ಯ ಹುಟ್ಟುವುದು ಹೀಗೆ.

ವಿಯೆನ್ನಾದ ಅಂಕಿಗಳು

ಮೊದಲ ಹೇಳಿಕೆಗೆ ಆಸ್ಪತ್ರೆಯಲ್ಲಿ ಕೈ ಶುಚಿಯ ನಿಯಮ ತಂದ ವೈದ್ಯ ಇಗ್ನಾಜ್ ಸೆಮ್ಮೆಲ್‌ವೈಸ್ ಅವರ ದಾಖಲೆ. ವಿಯೆನ್ನಾ ಜನರಲ್ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಮೊದಲನೆಯದರಲ್ಲಿ ವೈದ್ಯರು ಮತ್ತು ವೈದ್ಯ ವಿದ್ಯಾರ್ಥಿಗಳು, ಎರಡನೆಯದರಲ್ಲಿ ಸೂಲಗಿತ್ತಿಯರು. 1846ರಲ್ಲಿ ಮೊದಲ ವಿಭಾಗದಲ್ಲಿ 4,010 ಹೆರಿಗೆಗಳಿಗೆ 459 ತಾಯಂದಿರು ತೀರಿಕೊಂಡರು, ಅಂದರೆ ಶೇ. 11.4. ಎರಡನೆಯದರಲ್ಲಿ 3,754ಕ್ಕೆ 105, ಶೇ. 2.8. ವೈದ್ಯರು ಶವಪರೀಕ್ಷೆ ಮಾಡಿ ಹೆರಿಗೆ ಕೋಣೆಗೆ ಬರುತ್ತಿದ್ದರು, ಸೂಲಗಿತ್ತಿಯರಿಗೆ ಶವಪರೀಕ್ಷೆಯ ಕೆಲಸವಿರಲಿಲ್ಲ. 1847ರ ಮೇ ಮಧ್ಯದಲ್ಲಿ ಕ್ಲೋರಿನ್ ಸುಣ್ಣದ ದ್ರಾವಣದಲ್ಲಿ ಕೈ ತೊಳೆಯುವುದು ಕಡ್ಡಾಯವಾಯಿತು.

ಎಲ್ಲೆಡೆ ಹೇಳುವ ರೂಪ ಹೀಗಿದೆ: ಏಪ್ರಿಲ್‌ನಲ್ಲಿ ಶೇ. 18.3 ಇದ್ದ ಸಾವು ಜುಲೈಗೆ 1.2ಕ್ಕೆ ಇಳಿಯಿತು. ಅಂಕಿ ಎರಡೂ ನಿಜ. ಆದರೆ ತಿಂಗಳವಾರು ಕೋಷ್ಟಕವನ್ನು ಪೂರ್ತಿ ಬಿಡಿಸಿದರೆ ಬೇರೆ ಚಿತ್ರ. ಅದೇ ವರ್ಷದ ಫೆಬ್ರವರಿಯಲ್ಲಿ, ಹೊಸ ನಿಯಮ ಬರುವ ಮೊದಲೇ, ಸಾವು ಶೇ. 1.9. ನಿಯಮ ಬಂದ ಮೇಲೆ ಆಗಸ್ಟ್‌ನಲ್ಲೂ ಅಷ್ಟೇ, 1.9. ಸೆಪ್ಟೆಂಬರ್‌ನಲ್ಲಿ ಮತ್ತೆ ಏರಿ 4.6. ಒಂದೊಂದು ತಿಂಗಳ ಅಂಕಿ ಸಣ್ಣದು, ಏರಿಳಿತ ಸಹಜ. ಅತಿ ಕೆಟ್ಟ ತಿಂಗಳನ್ನು ಅತಿ ಒಳ್ಳೆಯ ತಿಂಗಳ ಪಕ್ಕ ನಿಲ್ಲಿಸಿದರೆ ಅಂಕಿ ಸುಳ್ಳಾಗದೆಯೇ ಕೇಳುಗರಿಗೆ ಸುಳ್ಳು ಹೇಳಿದಂತಾಗುತ್ತದೆ.

ಹಾಗಾಗಿ ವರ್ಷದ ಲೆಕ್ಕವನ್ನೇ ಇಟ್ಟುಕೊಂಡೆ. 1846ರಲ್ಲಿ ಮೊದಲ ವಿಭಾಗದ್ದು ಶೇ. 11.4, ಪೂರ್ತಿ ವರ್ಷ ಕೈ ತೊಳೆದ 1848ರಲ್ಲಿ 1.27. ಆ ವರ್ಷ ಎರಡನೆಯ ವಿಭಾಗದ್ದು 1.33. ಎರಡು ವಿಭಾಗಗಳ ನಡುವಿನ ಅಂತರವೇ ಇಲ್ಲವಾಯಿತು ಎನ್ನುವುದು ಏಪ್ರಿಲ್-ಜುಲೈ ಹೋಲಿಕೆಗಿಂತ ಗಟ್ಟಿ ಪುರಾವೆ. ಪ್ರಾಮಾಣಿಕ ಪುರಾವೆ ಸಪ್ಪೆಯಾಗಿರುತ್ತದೆ ಎನ್ನುವವರಿಗೆ ಈ ಕೋಷ್ಟಕವನ್ನೇ ತೋರಿಸಬೇಕು. ವೇದಿಕೆಯಲ್ಲಿ ದಶಮಾಂಶ ಹೇಳಲಿಲ್ಲ. ‘ಸುಮಾರು ಒಂಬತ್ತು ತಾಯಂದಿರಲ್ಲಿ ಒಬ್ಬರು ಸಾಯುತ್ತಿದ್ದ ಕಡೆ, ಸುಮಾರು ಎಂಬತ್ತರಲ್ಲಿ ಒಬ್ಬರು’ ಎಂದೆ. ಕಿವಿ ಹಿಡಿಯುವುದು ಇಂಥ ಅಂಕಿಯನ್ನು. ನಿಖರ ಅಂಕಿ ಸ್ಲೈಡಿನಲ್ಲಿ ಮತ್ತು ಹಾಳೆಯಲ್ಲಿ ಇರಲಿ.

ಈ ಹಾಳೆಯ ಕೊನೆಯ ಕಲಂನಲ್ಲಿ ಒಂದು ದೊಡ್ಡ ತೊಡಕು ಕಾದಿತ್ತು. ವಿಯೆನ್ನಾದ ವೈದ್ಯರು ಮೊದಲೂ ಸೋಪಿನಲ್ಲಿ ಕೈ ತೊಳೆಯುತ್ತಿದ್ದರು. ತೊಳೆದ ಮೇಲೂ ಶವದ ವಾಸನೆ ಉಳಿಯುತ್ತಿತ್ತೆಂದೇ ಸೆಮ್ಮೆಲ್‌ವೈಸ್ ಕ್ಲೋರಿನ್ ದ್ರಾವಣ ತಂದದ್ದು. ಅಂದರೆ ಸೋಪಿನ ಪರವಾಗಿ ಮಾತಾಡಲು ಹೊರಟವರಿಗೆ ಈ ದಾಖಲೆ ಒದಗುವುದೇ ಇಲ್ಲ. ರೋಗ ಕೈಯಿಂದ ದಾಟುತ್ತದೆ, ಕೈ ಶುಚಿ ಮಾಡಿದರೆ ತಡೆಯಬಹುದು ಎನ್ನುವಷ್ಟಕ್ಕೆ ಮಾತ್ರ ಇದು ಆಧಾರ. ಆ ಗೆರೆಯನ್ನು ವೇದಿಕೆಯಲ್ಲಿ ಬಾಯಿಬಿಟ್ಟು ಹೇಳಬೇಕಾಯಿತು. ಸೆಮ್ಮೆಲ್‌ವೈಸ್ ಅವರ ಸಾವಿನ ಬಗ್ಗೆ ಕಣ್ಣೀರು ಬರಿಸುವ ವಿವರಗಳು ನಾನಾ ರೂಪದಲ್ಲಿ ಸಿಗುತ್ತವೆ. 1865ರಲ್ಲಿ, 47ನೇ ವಯಸ್ಸಿನಲ್ಲಿ, ಮಾನಸಿಕ ರೋಗಿಗಳ ಆಸ್ಪತ್ರೆಯಲ್ಲಿ ತೀರಿಕೊಂಡರು ಎಂಬಷ್ಟಕ್ಕೇ ನಿಲ್ಲಿಸಿದೆ.

ಶೇ. 30 ಎಂದರೆ ಯಾವುದರಲ್ಲಿ

ಎರಡನೆಯ ಹೇಳಿಕೆಗೆ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕೊಕ್ರೇನ್ ಸಂಸ್ಥೆಯ ಸಮೀಕ್ಷೆ. ಕೈ ತೊಳೆಯುವುದನ್ನು ಉತ್ತೇಜಿಸಿದರೆ ಭೇದಿಯ ಪ್ರಸಂಗಗಳು ಸುಮಾರು ಶೇ. 30ರಷ್ಟು ಕಡಿಮೆಯಾಗುವ ಸಾಧ್ಯತೆ ಹೆಚ್ಚು ಎನ್ನುತ್ತದೆ 2015ರ ಆವೃತ್ತಿ. ನಂತರ ಪರಿಷ್ಕೃತ ಆವೃತ್ತಿಯೂ ಬಂದಿದೆ. ಅದರ ಸರಳ ಭಾಷೆಯ ಸಾರಾಂಶ ಯಾರು ಬೇಕಾದರೂ ಉಚಿತವಾಗಿ ಓದಬಹುದು. ಒಂದೇ ಅಧ್ಯಯನಕ್ಕಿಂತ ಇಂಥ ಸಮೀಕ್ಷೆ ಮೇಲು, ಏಕೆಂದರೆ ಅನುಕೂಲದ ಫಲಿತಾಂಶವನ್ನಷ್ಟೇ ಆರಿಸಿಕೊಳ್ಳುವ ದಾರಿ ಮುಚ್ಚುತ್ತದೆ.

ಈ ಒಂದು ವಾಕ್ಯವನ್ನು ವೇದಿಕೆಗೆ ಒಯ್ಯುವಾಗ ಮೂರು ಕಡೆ ಜಾರಬಹುದು. ಅಳೆದದ್ದು ಉತ್ತೇಜನದ ಪರಿಣಾಮವನ್ನು. ಉತ್ತೇಜಿಸಿದವರೆಲ್ಲ ತೊಳೆದರೆಂದಲ್ಲ, ಹಾಗಾಗಿ ‘ಕೈ ತೊಳೆದರೆ ಶೇ. 30’ ಎನ್ನುವುದು ಬೇರೆಯೇ ಹೇಳಿಕೆ. ಕಡಿಮೆಯಾದದ್ದು ಭೇದಿ, ‘ಕಾಯಿಲೆ’ ಎಂದರೆ ಶೀತ, ಜ್ವರ ಎಲ್ಲ ಸೇರಿಬಿಡುತ್ತದೆ. ಇನ್ನು ‘ಸಾಧ್ಯತೆ ಹೆಚ್ಚು’ ಎಂಬ ಮಾತು. ಅದು ಲೇಖಕರ ಹಿಂಜರಿಕೆಯಲ್ಲ, ಪುರಾವೆಯ ಗುಣಮಟ್ಟವನ್ನು ಅಳೆದು ಇಟ್ಟ ಮಾತು. ಅದನ್ನು ಕಿತ್ತುಹಾಕಿದರೆ ಮೂಲದಲ್ಲಿಲ್ಲದ ಖಚಿತತೆ ನಮ್ಮ ಬಾಯಿಂದ ಹುಟ್ಟುತ್ತದೆ.

ಶೇಕಡಾವಾರು ಇಳಿಕೆ ಹೇಳಿದ ಮೇಲೆ ಎಷ್ಟರಿಂದ ಎಷ್ಟಕ್ಕೆ ಎಂದೂ ಹೇಳಲೇಬೇಕು. ‘ಉದಾಹರಣೆಗೆ, ಒಂದು ಗುಂಪಿನ ಮಕ್ಕಳಲ್ಲಿ ವರ್ಷಕ್ಕೆ 100 ಸಲ ಭೇದಿ ಕಾಣಿಸುತ್ತಿದ್ದರೆ ಅದು 70ರ ಆಸುಪಾಸಿಗೆ ಇಳಿಯುವ ಸಾಧ್ಯತೆ ಹೆಚ್ಚು’ ಎಂದೆ. 100 ಎನ್ನುವುದು ಲೆಕ್ಕ ತಿಳಿಯಲು ಇಟ್ಟ ಸಂಖ್ಯೆ ಎಂದೂ ಸೇರಿಸಿದೆ. ಇದನ್ನು ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ 1995ರ ಬ್ರಿಟನ್ ಸಾಕ್ಷಿ. ಕೆಲವು ಗರ್ಭನಿರೋಧಕ ಮಾತ್ರೆಗಳಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಎರಡು ಪಟ್ಟಾಗುತ್ತದೆಂದು ಎಚ್ಚರಿಕೆ ಹೊರಟಿತು. ನಿಜದಲ್ಲಿ ಅದು ಸುಮಾರು 7,000 ಮಹಿಳೆಯರಲ್ಲಿ ಒಬ್ಬರಿದ್ದದ್ದು ಇಬ್ಬರಾದದ್ದು. ಗಾಬರಿಯಿಂದ ಬಹಳ ಮಂದಿ ಮಾತ್ರೆ ಬಿಟ್ಟರು, ಬೇಡದ ಗರ್ಭಗಳೂ ಗರ್ಭಪಾತಗಳೂ ಏರಿದವು. ವೇದಿಕೆಯಿಂದ ಹೊರಟ ಅಂಕಿ ಕೇಳಿದವರ ಮನೆವರೆಗೆ ಹೋಗುತ್ತದೆ ಎಂಬುದು ಸದಾ ನೆನಪಿರಬೇಕು.

ಕಥೆ ಮತ್ತು ಒಪ್ಪಿಗೆ

ಅಂಕಿ ಬುದ್ಧಿಗೆ ತಲುಪಿದರೂ ಮನಸ್ಸಿಗೆ ಒಬ್ಬ ಮನುಷ್ಯ ಬೇಕು. ಒಂದೇ ಮಗುವಿನ ಕಥೆ ಕೇಳಿದವರು ಲಕ್ಷಾಂತರ ಜನರ ಅಂಕಿಅಂಶ ಕೇಳಿದವರಿಗಿಂತ ಹೆಚ್ಚು ದೇಣಿಗೆ ಕೊಟ್ಟದ್ದನ್ನು 2007ರ ಒಂದು ಅಧ್ಯಯನ ತೋರಿಸಿದೆ. ಕಥೆಗೆ ಇಷ್ಟು ಬಲ ಇರುವುದರಿಂದಲೇ ಅದನ್ನು ಆರಿಸುವಾಗ ಕೇಳಿಕೊಳ್ಳಬೇಕು: ಇದು ಸಾಮಾನ್ಯವಾಗಿ ನಡೆಯುವುದೋ, ಅಪರೂಪದ್ದೋ? ಅಪರೂಪದ್ದಾದರೆ ಹಾಗೆಂದು ಹೇಳಿಯೇ ಬಳಸಬೇಕು. ನನ್ನ ಕ್ರಮ, ಅಂಕಿ ಮೊದಲು, ಕಥೆ ಆಮೇಲೆ. ಕಥೆ ಮೊದಲಾದರೆ ನಂತರ ಬರುವ ಅಂಕಿಯನ್ನು ಜನ ಅದರ ಬಣ್ಣದಲ್ಲೇ ಕೇಳುತ್ತಾರೆ.

ಇಲ್ಲಿ ಆರಿಸಿದ್ದು ಯಾಕೋಬ್ ಕೊಲೆಚ್ಕಾ ಅವರ ಪ್ರಸಂಗ. ಸೆಮ್ಮೆಲ್‌ವೈಸ್ ಅವರ ಗೆಳೆಯ, ನ್ಯಾಯವೈದ್ಯಶಾಸ್ತ್ರದ ಪ್ರಾಧ್ಯಾಪಕ. ಶವಪರೀಕ್ಷೆ ವೇಳೆ ವಿದ್ಯಾರ್ಥಿಯ ಚೂರಿ ಬೆರಳಿಗೆ ತಗುಲಿ 1847ರ ಮಾರ್ಚ್‌ನಲ್ಲಿ ತೀರಿಕೊಂಡರು. ಅವರ ದೇಹದಲ್ಲಿ ಕಂಡ ಬದಲಾವಣೆ ಹೆರಿಗೆ ಜ್ವರದಿಂದ, ಅಂದರೆ ಹೆರಿಗೆಯ ನಂತರದ ಸೋಂಕಿನಿಂದ, ಸತ್ತ ತಾಯಂದಿರಲ್ಲಿ ಕಂಡದ್ದಕ್ಕೆ ಹೋಲುತ್ತಿತ್ತು, ರೋಗ ಶವದಿಂದ ಕೈಯ ಮೂಲಕ ದಾಟುತ್ತದೆಂಬ ಸುಳಿವು ಸಿಕ್ಕಿದ್ದು ಅಲ್ಲಿಂದ. ದಾಖಲಾದ ಕಥೆಯಾದ್ದರಿಂದ ಯಾರ ಖಾಸಗಿತನಕ್ಕೂ ಧಕ್ಕೆಯಿಲ್ಲ.

ಪರಿಚಯದ ರೋಗಿ, ದಾದಿ, ಶಿಕ್ಷಕರ ಅನುಭವ ಬಳಸುವವರು ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ‘ಹೇಳಬಹುದಾ’ ಎಂದು ಕೇಳಿದರೆ ಸಾಲದು. ಹೇಳಲಿರುವ ಸಾಲುಗಳನ್ನೇ ಓದಿಸಿ, ಭಾಷಣದ ವಿಡಿಯೊ ಆಗುತ್ತದೆಯೇ ಎಂದೂ ತಿಳಿಸಿ. ಸಭೆಯ ಎದುರು ಒಪ್ಪಿದವರು ವಿಡಿಯೊಗೆ ಒಪ್ಪದಿರಬಹುದು. ಹೆಸರು, ವಯಸ್ಸು ಬದಲಿಸಿದ್ದರೆ ‘ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ’ ಎಂದು ಸಭೆಗೆ ಹೇಳಿ. ಎರಡು ಮೂರು ಜನರ ಅನುಭವ ಬೆರೆಸಿ ಒಬ್ಬರದೆಂದು ಹೇಳುವುದು ಕಟ್ಟುಕಥೆ, ಪುರಾವೆಯಲ್ಲ.

ಕಣ್ಣೆದುರಿನ ಪುರಾವೆ

ಮೂರನೆಯ ಹೇಳಿಕೆಗೆ ನೇರಳಾತೀತ ಬೆಳಕಿನಲ್ಲಿ ಹೊಳೆಯುವ ಪುಡಿ. ಸಭಿಕರಲ್ಲಿ ಇಷ್ಟಪಟ್ಟವರೊಬ್ಬರು ಕೈಗೆ ಹಚ್ಚಿಕೊಂಡು, ತೊಳೆದು ಬಂದು, ಟಾರ್ಚಿನ ಕೆಳಗೆ ಹಿಡಿಯುತ್ತಾರೆ. ಅಂಗೈ ಸ್ವಚ್ಛವಾಗಿರುತ್ತದೆ, ಹೆಬ್ಬೆರಳ ಬುಡ, ಬೆರಳ ಸಂದು, ಉಗುರಿನ ಅಂಚು ಹೊಳೆಯುತ್ತಿರುತ್ತವೆ. ಸಭಾಂಗಣದ ದೀಪ ಆರಿಸದಿದ್ದರೆ ಏನೂ ಕಾಣುವುದಿಲ್ಲ, ಹಿಂದಿನ ಸಾಲಿಗೆ ಕಾಣಲು ಮೊಬೈಲ್ ಕ್ಯಾಮೆರಾವನ್ನು ಪ್ರೊಜೆಕ್ಟರ್‌ಗೆ ಜೋಡಿಸಬೇಕು, ಪುಡಿ ಚರ್ಮಕ್ಕೆ ಒಗ್ಗದವರು ಇರಬಹುದೆಂದು ಮೊದಲೇ ಕೇಳಬೇಕು. ತೋರಿಸುವಾಗ ಎರಡು ವಾಕ್ಯ ಕಡ್ಡಾಯ: ‘ಇದು ಪುಡಿ, ಸೂಕ್ಷ್ಮಾಣು ಅಲ್ಲ. ಎಲ್ಲಿ ತಪ್ಪುತ್ತದೆ ಎಂಬುದನ್ನಷ್ಟೇ ತೋರಿಸುತ್ತದೆ, ಎಷ್ಟು ರೋಗ ಬರುತ್ತದೆ ಎಂಬುದನ್ನಲ್ಲ.’

ವಸ್ತು ತೋರಿಸುವುದರಲ್ಲಿ ಎರಡು ಬಗೆ. ಅಮೆರಿಕದ ಬಾಹ್ಯಾಕಾಶ ನೌಕೆ ಚಾಲೆಂಜರ್‌ನ ಅಪಘಾತದ ತನಿಖೆಯಲ್ಲಿ 1986ರ ಫೆಬ್ರವರಿಯಲ್ಲಿ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್, ರಾಕೆಟ್ಟಿನ ಬೆಸುಗೆಗಳಿಂದ ಅನಿಲ ಸೋರದಂತೆ ತಡೆಯುವ ಓ-ರಿಂಗ್‌ನ ರಬ್ಬರನ್ನು ಇಕ್ಕಳದಲ್ಲಿ ಒತ್ತಿ ಹಿಮನೀರಿನ ಲೋಟದಲ್ಲಿ ಅದ್ದಿದರು. ಇಕ್ಕಳ ತೆಗೆದಾಗ ಅದು ತಕ್ಷಣ ಮೊದಲಿನ ಆಕಾರಕ್ಕೆ ಮರಳಲಿಲ್ಲ. ಚಳಿಯಲ್ಲಿ ಆ ರಬ್ಬರು ಬೇಗ ಹಿಗ್ಗುವುದಿಲ್ಲ ಎಂಬುದಕ್ಕೆ ಅಲ್ಲಿ ಕಂಡದ್ದೇ ಪುರಾವೆ. 2003ರ ಫೆಬ್ರವರಿ 5ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಆಗಿನ ಅಮೆರಿಕದ ವಿದೇಶಾಂಗ ಸಚಿವ ಕಾಲಿನ್ ಪೊವೆಲ್ ಇರಾಕ್‌ನ ಅಸ್ತ್ರಗಳ ಬಗ್ಗೆ ಮಾತಾಡುತ್ತ ಆಂಥ್ರಾಕ್ಸ್ ಎಂಬ ಮಾರಕ ರೋಗಾಣುವಿನ ಪ್ರಮಾಣ ತೋರಿಸಲು ಸಣ್ಣ ಸೀಸೆಯೊಂದನ್ನು ಎತ್ತಿ ಹಿಡಿದರು. ಆ ಸೀಸೆ ಇರಾಕ್‌ನಲ್ಲಿ ಏನಿದೆ ಎಂಬುದಕ್ಕೆ ಯಾವ ಆಧಾರವೂ ಆಗಿರಲಿಲ್ಲ, ಆದರೆ ಜನರ ನೆನಪಿನಲ್ಲಿ ಉಳಿದದ್ದು ಅದೇ. ಭಾಷಣದ ಮುಖ್ಯ ಹೇಳಿಕೆಗಳು ಆಮೇಲೆ ನಿಲ್ಲಲಿಲ್ಲ, ಅದು ತಮ್ಮ ದಾಖಲೆಗೆ ಅಂಟಿದ ಕಲೆಯೆಂದು ಪೊವೆಲ್ ಅವರೇ 2005ರಲ್ಲಿ ಒಪ್ಪಿಕೊಂಡರು. ಕೈಯಲ್ಲಿ ಹಿಡಿದ ವಸ್ತು ಸಾಬೀತುಪಡಿಸುತ್ತಿದೆಯೋ, ಬರೀ ನಾಟುವಂತೆ ಮಾಡುತ್ತಿದೆಯೋ ಎಂದು ಮೊದಲೇ ತೀರ್ಮಾನಿಸಿ.

ಬಾಯಲ್ಲಿ ಆಕರ ಹೇಳುವುದು

ಕೇಳುಗರಿಗೆ ಅಡಿಟಿಪ್ಪಣಿ ಕಾಣುವುದಿಲ್ಲ. ಆಕರ ಮಾತಿನಲ್ಲೇ ಬರಬೇಕು, ಅಂಕಿಗಿಂತ ಮೊದಲು ಬರಬೇಕು. ‘ಅಧ್ಯಯನಗಳು ಹೇಳುತ್ತವೆ’ ಎಂದರೆ ಯಾರೂ ಹೇಳಲಿಲ್ಲ ಎಂದಂತೆ. ಬಳಸಿದ ವಾಕ್ಯ ಇದು: ‘ವಿಯೆನ್ನಾ ಆಸ್ಪತ್ರೆಯ ದಾಖಲೆ ಆಧರಿಸಿ ವೈದ್ಯ ಸೆಮ್ಮೆಲ್‌ವೈಸ್ 1861ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ...’ ಯಾರು, ಏಕೆ ನಂಬಬೇಕು, ಯಾವಾಗ, ಇಷ್ಟು ಸಾಕು. ಸಂಪುಟ, ಪುಟ ಸಭೆಗೆ ಬೇಡ. ಬೇರೆಯವರ ವಾಕ್ಯವನ್ನು ಹಾಗೇ ಓದುವಾಗ ‘ಅವರದೇ ಮಾತಿನಲ್ಲಿ’ ಎಂದು ಆರಂಭಿಸಿ ಮುಗಿದಾಗ ‘ಇಲ್ಲಿಗೆ ಅವರ ಮಾತು’ ಎಂದು ನಿಲ್ಲಿ. ಬೇರೆ ಭಾಷೆಯಿಂದ ತಂದಿದ್ದರೆ ಅನುವಾದ ನಿಮ್ಮದೆಂದೂ ತಿಳಿಸಿ.

ಸ್ಲೈಡ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸ್ತಂಭನಕ್ಷೆಯ ಲಂಬ ಅಕ್ಷ ಸೊನ್ನೆಯಿಂದ ಶುರುವಾಗಲಿ, ಆಕರದ ಸಾಲು ನಕ್ಷೆಯ ಕೆಳಗೇ ಇರಲಿ, ಚಿತ್ರದ ಪರವಾನಗಿ ನೋಡಿಕೊಳ್ಳಿ. ಕ್ರಿಯೇಟಿವ್ ಕಾಮನ್ಸ್ ಚಿತ್ರಗಳಲ್ಲಿ ಬಹುಪಾಲಿಗೆ ಕರ್ತೃವಿನ ಹೆಸರು ಹಾಕಲೇಬೇಕು.

ಸಮಯ ಕಡಿತ, ಪ್ರಶ್ನೋತ್ತರ, ಆಮೇಲೆ

ಅನಿರೀಕ್ಷಿತ ಪೆಟ್ಟು ಬಿದ್ದದ್ದು ಭಾಷಣದ ದಿನವೇ. ಹಿಂದಿನವರ ಮಾತು ಉದ್ದವಾಗಿ, 15 ನಿಮಿಷ 12 ಆಯಿತು. ಇಂಥ ಹೊತ್ತಿನಲ್ಲಿ ಎಲ್ಲರ ಕೈ ಮೊದಲು ಹೋಗುವುದು ‘ಆದರೆ’, ‘ಸುಮಾರು’, ‘ಇದರ ಮಿತಿ ಏನೆಂದರೆ’ ಎಂಬ ಸಾಲುಗಳಿಗೆ. ಅವನ್ನು ತೆಗೆದರೆ ಉಳಿದ ಪುರಾವೆಯೆಲ್ಲ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಕತ್ತರಿಸುವುದಾದರೆ ಒಂದು ಪುರಾವೆಯನ್ನು ಅದರ ಹೇಳಿಕೆ ಸಮೇತ ಪೂರ್ತಿ ತೆಗೆಯಿರಿ. ಯಾವುದನ್ನು ತೆಗೆಯಬೇಕೆಂದು ಅಭ್ಯಾಸದ ದಿನವೇ ಗುರುತು ಹಾಕಿಟ್ಟರೆ ವೇದಿಕೆಯ ಬದಿಯಲ್ಲಿ ನಿಂತು ಎದೆ ಹೊಡೆದುಕೊಳ್ಳುವುದಿಲ್ಲ. ಇಲ್ಲಿ ತೆಗೆದದ್ದು ಕೊಲೆಚ್ಕಾ ಪ್ರಸಂಗ. ಸಂಕಟವಾಯಿತು, ಆದರೆ ಅದಿಲ್ಲದೆಯೂ ವಿಯೆನ್ನಾದ ವಾದ ನಿಲ್ಲುತ್ತದೆ.

ಪ್ರಶ್ನೋತ್ತರಕ್ಕೆ ಹಾಳೆಗಳ ಕಟ್ಟು ಕೈಯಲ್ಲೇ ಇರಲಿ. ಬಿಸಿನೀರು ಬೇಕೇ ಎಂದು ಬಂತು. 2017ರ ರಟ್ಗರ್ಸ್ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ ಸುಮಾರು 15, 26, 38 ಡಿಗ್ರಿ ಸೆಲ್ಸಿಯಸ್ ನೀರಿನ ನಡುವೆ ಬ್ಯಾಕ್ಟೀರಿಯಾ ತೆಗೆಯುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ, ಆದರೆ ಭಾಗವಹಿಸಿದವರು 21 ಮಂದಿ ಎಂದು ಸೇರಿಸಿಯೇ ಉತ್ತರಿಸಿದ್ದು. ಎಷ್ಟು ಹೊತ್ತು ತೊಳೆಯಬೇಕು ಎಂಬುದಕ್ಕೆ ಎರಡು ಅಧಿಕೃತ ಉತ್ತರಗಳಿವೆ: ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಕನಿಷ್ಠ 20 ಸೆಕೆಂಡ್ ಉಜ್ಜಿ ಎನ್ನುತ್ತದೆ, ವಿಶ್ವ ಆರೋಗ್ಯ ಸಂಸ್ಥೆಯ ಭಿತ್ತಿಪತ್ರ ಇಡೀ ಕ್ರಮಕ್ಕೆ 40ರಿಂದ 60 ಸೆಕೆಂಡ್ ಎನ್ನುತ್ತದೆ. ಒಂದು ಉಜ್ಜುವ ಹೊತ್ತು, ಇನ್ನೊಂದು ಒದ್ದೆ ಮಾಡಿ ಒರೆಸುವವರೆಗಿನ ಹೊತ್ತು. ಒಂದನ್ನು ಮಾತ್ರ ಹೇಳಿ ಇನ್ನೊಂದನ್ನು ಮುಚ್ಚಿಡುವ ಅಗತ್ಯವೇ ಇಲ್ಲ. ಸ್ಯಾನಿಟೈಸರ್ ಬಾಟಲಿಯ ‘ಶೇ. 99.9’ ಪ್ರಯೋಗಾಲಯದಲ್ಲಿ ಆಯ್ದ ಸೂಕ್ಷ್ಮಾಣುಗಳ ಮೇಲಿನ ಲೆಕ್ಕ. ವಾಂತಿ ಭೇದಿ ತರುವ ನೊರೊವೈರಸ್‌ನಂಥವುಗಳ ಮೇಲೆ ಸೋಪು ನೀರೇ ಮೇಲು.

ಹಾಳೆಯಲ್ಲಿಲ್ಲದ ಪ್ರಶ್ನೆಗೆ ‘ಇದಕ್ಕೆ ನನ್ನ ಬಳಿ ಆಧಾರವಿಲ್ಲ, ನೋಡಿ ತಿಳಿಸುತ್ತೇನೆ’ ಎಂದು ಹೇಳಿ, ಕೇಳಿದವರ ಇಮೇಲ್ ಅಲ್ಲೇ ಬರೆದುಕೊಳ್ಳಿ. ಉತ್ತರ ಸಿಕ್ಕಾಗ ಅವರಿಗೂ ಆಯೋಜಕರಿಗೂ ಕಳಿಸಿ, ಏಕೆಂದರೆ ಆ ಪ್ರಶ್ನೆಯನ್ನು ಇಡೀ ಸಭೆ ಕೇಳಿಸಿಕೊಂಡಿರುತ್ತದೆ. ವಿಡಿಯೊ ಹಾಕುವುದಾದರೆ ಆಕರಗಳ ಪಟ್ಟಿ ಅದರ ವಿವರಣೆಯಲ್ಲೇ ಇರಲಿ, ತಿದ್ದುಪಡಿ ಬಂದರೆ ಅದೂ ಅಲ್ಲೇ ದಿನಾಂಕದೊಂದಿಗೆ ಸೇರಲಿ. ಅದೇ ಭಾಷಣವನ್ನು ಮತ್ತೊಮ್ಮೆ ಮಾಡುವ ಮೊದಲು ಪ್ರತಿ ಹಾಳೆಯ ಆಕರವನ್ನೂ ತೆರೆದು, ಸಮೀಕ್ಷೆಗೆ ಹೊಸ ಆವೃತ್ತಿ ಬಂದಿದೆಯೇ, ಪ್ರಬಂಧದ ಮೇಲೆ ಹಿಂತೆಗೆದ ಗುರುತು ಬಿದ್ದಿದೆಯೇ ಎಂದು ನೋಡಿ, ನೋಡಿದ ದಿನಾಂಕವನ್ನು ಹಳೆಯದರ ಕೆಳಗೆ ಬರೆಯಿರಿ.